ಹಸುವಿನ ಲೆಕ್ಕ ಕುದುರೆಗೆ ನಡೆಯಲ್ಲ

ನಮ್ಮ ಮನೆಯಲ್ಲಿ ಹಸು, ಎಮ್ಮೆ ಈಯಿಸುವುದು ಎಲ್ಲರಿಗೂ ಗೊತ್ತಿದ್ದ ಕೆಲಸ. ಕುಣಿಗಲ್ ಕಡೆ ಕುದುರೆ ಲಾಯದ ರಾತ್ರಿ ಪಾಳಿಗೆ ಸೇರಿದಾಗ ಅಲ್ಲಿನ ಹಿರಿಯರೊಬ್ಬರು, "ಆ ಲೆಕ್ಕ ಮನೇಲೇ ಬಿಟ್ಟು ಬಾರಪ್ಪ" ಅಂದರು. ಹಸು ಗಂಟೆಗಟ್ಟಲೆ ತಿಣುಕಿ ಕರು ಹಾಕೀತು. ಕುದುರೆಗೆ ಅಷ್ಟು ಪುರುಸೊತ್ತಿಲ್ಲ. ನೀರುಚೀಲ ಒಡೆದ 20-30 ನಿಮಿಷದಲ್ಲಿ ಮರಿ ಹುಲ್ಲಿನ ಮೇಲಿರಬೇಕು.

ಗಬ್ಬ ಸುಮಾರು 340 ದಿನ. ಆದರೆ 320ಕ್ಕೂ ಹಾಕುತ್ತದೆ, 360 ದಾಟಿಸಿಯೂ ಹಾಕುತ್ತದೆ. ಹಾಗಾಗಿ ನಾನು ಕ್ಯಾಲೆಂಡರಿಗಿಂತ ಕೆಚ್ಚಲನ್ನು ನಂಬುತ್ತೇನೆ. ಮೊಲೆತುದಿಯಲ್ಲಿ ಮೇಣದ ಹನಿ ಕಟ್ಟಿದರೆ ಒಂದೆರಡು ದಿನದ ಮಾತು. ಕೆಲವು ಕುದುರೆಗಳು ಅದನ್ನೂ ತೋರಿಸುವುದಿಲ್ಲ. ಬಹುಪಾಲು ಮರಿ ಹುಟ್ಟುವುದು ರಾತ್ರಿಯೇ. ಒಣಹುಲ್ಲು ದಪ್ಪಗೆ ಹಾಸುತ್ತೇವೆ. ಮರದ ಹೊಟ್ಟು ಒದ್ದೆ ಮರಿಯ ಮೂಗಿಗೆ ಮೆತ್ತಿಕೊಳ್ಳುತ್ತದೆ. ಬಾಲಕ್ಕೆ ಬಟ್ಟೆ ಸುತ್ತಿ, ದೀಪ ಮಂಕು ಮಾಡಿ ಹೊರಗೆ ಕೂರುವುದು. ಪದೇ ಪದೇ ಇಣುಕಿದರೆ ಹೆರಿಗೆಯನ್ನೇ ತಡೆದು ನಿಲ್ಲುತ್ತದೆ, ಅಂಥ ಪ್ರಾಣಿ ಅದು.

ನೀರು ಒಡೆದ ಕೂಡಲೇ ಗಡಿಯಾರ ನೋಡಿಕೊಳ್ಳುತ್ತೇನೆ. ಮೊದಲು ಬಿಳಿ ಪೊರೆ, ಅದರೊಳಗೆ ಒಂದು ತುಸು ಮುಂದೆ, ಒಂದು ತುಸು ಹಿಂದೆ ಎರಡು ಮುಂಗಾಲು, ಅವುಗಳ ಮೇಲೆ ಮೂತಿ. ಹೀಗಿದ್ದರೆ ಕೈ ಹಾಕುವುದೇ ಬೇಡ. ಎಳೆಯಲೇಬೇಕಾದರೆ ಅದು ತಿಣುಕುವಾಗ ಮಾತ್ರ, ಹಿಂಗಾಲಿನತ್ತ ಇಳಿಜಾರಾಗಿ. ಒಂದೇ ಕಾಲು ಬಂದರೆ, ಇಲ್ಲವೇ ಗೊರಸಿನ ಅಡಿ ಮೇಲ್ಮುಖವಾಗಿದ್ದರೆ ಡಾಕ್ಟರಿಗೆ ಫೋನು. ಅವರು ಬರುವತನಕ ಕುದುರೆಯನ್ನು ಎಬ್ಬಿಸಿ ಅಡ್ಡಾಡಿಸುತ್ತೇವೆ, ತಿಣುಕುವುದು ತಗ್ಗುತ್ತದೆ.

ಒಮ್ಮೆ ಬಿಳಿಯ ಬದಲು ಮಖಮಲ್ಲಿನಂಥ ಕೆಂಪು ಚೀಲ ಕಾಣಿಸಿತು. ಸತ್ತೆ, ಅಂದರೆ ಮಾಸು, ಗರ್ಭಕೋಶದಿಂದ ಮೊದಲೇ ಬಿಟ್ಟುಕೊಂಡಿದೆ, ಒಳಗೆ ಮರಿಗೆ ಉಸಿರಿಲ್ಲ ಎಂದರ್ಥ. ಆಗ ಡಾಕ್ಟರಿಗೆ ಕಾಯುವಂತಿಲ್ಲ. ಕತ್ತರಿಯಿಂದ ಚೀಲ ಸೀಳಿ, ಒಳಪೊರೆ ಹರಿದು, ಇಬ್ಬರೂ ಸೇರಿ ಎಳೆದೆವು. ಮರಿ ಸಪ್ಪಗೆ ಬಿದ್ದಿತ್ತು. ಮೂಗು ಒರೆಸಿ, ಟವೆಲ್‌ನಿಂದ ಬೆನ್ನು ತಿಕ್ಕಿ, ಮೂಗಿನ ಹೊಳ್ಳೆಗೆ ಹುಲ್ಲುಕಡ್ಡಿ ಆಡಿಸಿದಾಗ ಸೀನಿತು. ಹಿರಿಯರು ಏನೂ ಮಾತಾಡದೆ ಬೀಡಿ ಹಚ್ಚಲು ಹೊರಗೆ ಹೋದರು.

ಹೊಕ್ಕುಳಬಳ್ಳಿಯನ್ನು ನಾವು ಕತ್ತರಿಸುವುದಿಲ್ಲ. ತಾಯಿಯೋ ಮರಿಯೋ ಏಳುವಾಗ ತಾನೇ ಹರಿಯುತ್ತದೆ. ತುದಿಗೆ ಡಾಕ್ಟರು ಕೊಟ್ಟ ಔಷಧದ ನೀರು. ಒಂದು ಗಂಟೆಯೊಳಗೆ ಮರಿ ನಿಲ್ಲಬೇಕು, ಎರಡರೊಳಗೆ ಮೊಲೆ ಹಿಡಿಯಬೇಕು. ರೋಗ ತಡೆಯುವ ಶಕ್ತಿ ಅದಕ್ಕೆ ಬರುವುದು ಗಿಣ್ಣುಹಾಲಿನಿಂದಲೇ, ಅದೂ ಮೊದಲ ದಿನ ಮಾತ್ರ. ಆಮೇಲೆ ಎಷ್ಟು ಕುಡಿದರೂ ಆ ಶಕ್ತಿ ರಕ್ತಕ್ಕೆ ಸೇರುವುದಿಲ್ಲ.

ಹಸುವಿಗೆ ಸತ್ತೆ ಬೀಳದಿದ್ದರೆ ಮಾರನೆಯ ದಿನದವರೆಗೂ ನೋಡುತ್ತಾರೆ. ಕುದುರೆಗೆ ಮೂರು ಗಂಟೆ ದಾಟಿದರೆ ಡಾಕ್ಟರು ಬರಲೇಬೇಕು. ಗರ್ಭಕೋಶಕ್ಕೆ ನಂಜಾಗಿ, ಅದು ಗೊರಸಿಗೂ ಇಳಿದು ಕುದುರೆ ಕುಂಟಾಗಬಹುದು. ಜೋತುಬಿದ್ದದ್ದನ್ನು ಎಳೆಯುವಂತಿಲ್ಲ, ತುಳಿಯದ ಹಾಗೆ ಮೇಲಕ್ಕೆ ಗಂಟು ಕಟ್ಟುತ್ತೇವೆ. ಬಿದ್ದ ಮೇಲೆ ನೆಲಕ್ಕೆ ಹರಡಿ ಸತ್ತೆಯ ಕೊಂಬಿನಂಥ ಎರಡೂ ಕವಲುಗಳ ತುದಿ ಇವೆಯೇ ಎಂದು ನೋಡುತ್ತೇನೆ. ತುದಿ ಹರಿದಿದ್ದರೆ ಆ ಚೂರು ಒಳಗೇ ಉಳಿದಿದೆ. ಮತ್ತೆ ಡಾಕ್ಟರಿಗೆ ಫೋನು.