ಮುಖದ ಮೇಲಿನ ಹಳದಿ ಗುಳ್ಳೆ: ಹಿಸುಕುವ ಮುನ್ನ ಗುರುತಿಸುವುದು ಹೇಗೆ?

ವಯಸ್ಸು ನಲವತ್ತು ದಾಟಿದ ಮೇಲೆ ಹಣೆಯಲ್ಲೋ ಕೆನ್ನೆಯಲ್ಲೋ ಸಣ್ಣದೊಂದು ಹಳದಿ ಗುಳ್ಳೆ ಏಳುತ್ತದೆ. ‘ಈ ವಯಸ್ಸಿಗೂ ಮೊಡವೆಯಾ?’ ಎಂದುಕೊಳ್ಳುತ್ತಲೇ ಉಗುರು ಅಲ್ಲಿಗೆ ಹೋಗಿರುತ್ತದೆ. ಎಷ್ಟು ಹಿಸುಕಿದರೂ ಕೀವು ಬರುವುದಿಲ್ಲ. ಅಲ್ಲಿ ಕೀವೇ ಇಲ್ಲ. ಚರ್ಮಕ್ಕೆ ಜಿಡ್ಡು ಒದಗಿಸುವ ಎಣ್ಣೆ ಗ್ರಂಥಿಯೇ ಹಿಗ್ಗಿ ಮೇಲೆದ್ದಿದೆ. ವೈದ್ಯರ ಭಾಷೆಯಲ್ಲಿ ಇದು ಸೆಬೇಷಿಯಸ್ ಹೈಪರ್‌ಪ್ಲೇಸಿಯಾ. ಅಂಟುವುದಿಲ್ಲ, ನೋಯುವುದಿಲ್ಲ, ಕ್ಯಾನ್ಸರ್ ಆಗಿಯೂ ತಿರುಗುವುದಿಲ್ಲ.

ಮೊದಲು ಕಿಟಕಿಯ ಬೆಳಕಿನಲ್ಲಿ ಕನ್ನಡಿ ಹಿಡಿಯಿರಿ. ಸುತ್ತಲಿನ ಚರ್ಮವನ್ನು ಎರಡು ಬೆರಳಿನಿಂದ ಮೆಲ್ಲಗೆ ಎಳೆದು ನೋಡಿ. ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್ ಅಗಲ, ಹಳದಿ ಅಥವಾ ಚರ್ಮದ್ದೇ ಬಣ್ಣ, ಮೆತ್ತನೆಯ ಉಬ್ಬು, ನಡುವೆ ಹೊಕ್ಕುಳಿನಂಥ ಪುಟ್ಟ ತಗ್ಗು. ಆ ತಗ್ಗೇ ದೊಡ್ಡ ಸುಳಿವು. ಗ್ರಂಥಿಯ ಹಾಲೆಗಳು ನಡುವಿನ ನಾಳದ ಸುತ್ತ ಉಬ್ಬಿಕೊಂಡು, ನಾಳದ ಬಾಯಿ ಮಾತ್ರ ಕೆಳಗೇ ಉಳಿದಿರುತ್ತದೆ.

ಇನ್ನು ಎಚ್ಚರದ ಮಾತು. ಬೇಸಲ್ ಸೆಲ್ ಕಾರ್ಸಿನೋಮಾ ಎಂಬ ಚರ್ಮದ ಕ್ಯಾನ್ಸರ್ ಕೂಡ ಶುರುವಿನಲ್ಲಿ ಹೆಚ್ಚುಕಡಿಮೆ ಹೀಗೇ ಕಾಣಬಹುದು. ಗುಳ್ಳೆ ಒಂಟಿಯಾಗಿದ್ದು ಬೆಳೆಯುತ್ತಿದ್ದರೆ, ಮುತ್ತಿನಂತೆ ಹೊಳೆದರೆ, ಸುಮ್ಮನೆ ತಾಗಿದ್ದಕ್ಕೇ ರಕ್ತ ಒಸರಿದರೆ, ಮಾಯದೆ ಮತ್ತೆ ಮತ್ತೆ ಹಕ್ಕಳೆಗಟ್ಟಿದರೆ ಚರ್ಮತಜ್ಞರಿಗೆ ತೋರಿಸುವುದನ್ನು ಮುಂದೂಡಬೇಡಿ. ಅವರು ಡರ್ಮೋಸ್ಕೋಪ್ ಎಂಬ, ಚರ್ಮವನ್ನು ದೊಡ್ಡದಾಗಿ ತೋರಿಸುವ ಮಸೂರ ಇಟ್ಟು ನೋಡುತ್ತಾರೆ. ಎಣ್ಣೆ ಗ್ರಂಥಿಯ ಗುಳ್ಳೆಯಾದರೆ ರಕ್ತನಾಳಗಳು ಕಿರೀಟದಂತೆ ಅಂಚಿನಲ್ಲಿ ಸುತ್ತುವರಿದಿರುತ್ತವೆ, ನಡುಭಾಗವನ್ನು ದಾಟುವುದಿಲ್ಲ. ಅನುಮಾನ ಉಳಿದರೆ ಬಯಾಪ್ಸಿ, ಅಂದರೆ ಚರ್ಮದ ಚೂರು ತೆಗೆದು ಪರೀಕ್ಷೆ. ಅಂಗಾಂಗ ಕಸಿಯ ನಂತರ ಸೈಕ್ಲೋಸ್ಪೋರಿನ್ ಎಂಬ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ತೆಗೆದುಕೊಳ್ಳುವವರಲ್ಲಿ ಈ ಗುಳ್ಳೆಗಳು ಹೆಚ್ಚು. ಚರ್ಮದ ಕ್ಯಾನ್ಸರ್‌ನ ಅಪಾಯವೂ ಅವರಿಗೆ ಹೆಚ್ಚಾದ್ದರಿಂದ ಹೊಸ ಗುಳ್ಳೆ ಯಾವುದೇ ಇರಲಿ, ತೋರಿಸಿಬಿಡುವುದು ಒಳ್ಳೆಯದು.

ನಿರುಪದ್ರವಿ ಎಂದು ಖಾತ್ರಿಯಾಯಿತೇ? ಹಾಗಾದರೆ ಬಿಟ್ಟುಬಿಡಿ. ಸೂಜಿ ಚುಚ್ಚುವುದು, ಕತ್ತರಿಸುವುದು, ಉಜ್ಜುವುದು ಬೇಡ. ಗುಳ್ಳೆಯ ಜಾಗದಲ್ಲಿ ಕಲೆ ಕೂರುತ್ತದೆ, ಅಷ್ಟೇ ಲಾಭ. ಮುಖ ಎಷ್ಟು ತೊಳೆದರೂ ಗ್ರಂಥಿ ಕುಗ್ಗದು.

ನೋಡಲು ಕಿರಿಕಿರಿ ಎನ್ನುವವರಿಗೆ ದಾರಿಗಳಿವೆ. ವಿದ್ಯುತ್ತಿನಿಂದ ಸುಡುವುದು, ಲೇಸರ್, ಅತಿಶೀತದಿಂದ ಹೆಪ್ಪುಗಟ್ಟಿಸುವುದು. ಮೂರರಲ್ಲೂ ಕಲೆಯ ಅಥವಾ ಬಣ್ಣಗೆಡುವ ಸಾಧ್ಯತೆ ಇದೆ, ಕಪ್ಪು ಚರ್ಮದಲ್ಲಿ ಅದು ಎದ್ದು ಕಾಣುತ್ತದೆ. ಹಾಗಾಗಿ ಮರೆಯಾದ ಜಾಗದ ಒಂದೆರಡು ಗುಳ್ಳೆಗಳ ಮೇಲೆ ಮೊದಲು ಪ್ರಯತ್ನಿಸಿ ನೋಡುವಂತೆ ವೈದ್ಯರನ್ನು ಕೇಳಿ. ವಿಟಮಿನ್ ‘ಎ’ ಬಳಗದ ರೆಟಿನಾಯ್ಡ್ ಕ್ರೀಮ್‌ಗಳಿಗೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ಮುಖ ತುಂಬ ಗುಳ್ಳೆಗಳಿದ್ದರೆ ಕೆಲವೊಮ್ಮೆ ಐಸೊಟ್ರೆಟಿನಾಯಿನ್ ಮಾತ್ರೆ ಬರೆಯುತ್ತಾರೆ. ಗರ್ಭದಲ್ಲಿರುವ ಮಗುವಿಗೆ ಅದು ತೀವ್ರ ಹಾನಿ ಮಾಡುವುದರಿಂದ ಗರ್ಭಿಣಿಯರು ಮುಟ್ಟಲೇಬಾರದು. ಮಾತ್ರೆ ನಿಲ್ಲಿಸಿದ ಮೇಲೆ ಗುಳ್ಳೆಗಳು ಮರಳುವುದೂ ಸಾಮಾನ್ಯ.

ಅಂದಹಾಗೆ, ನವಜಾತ ಶಿಶುವಿನ ಮೂಗಿನ ಮೇಲೂ ಇಂಥವೇ ಸಾಸಿವೆಯಂಥ ಚುಕ್ಕೆಗಳಿರುತ್ತವೆ. ತಾಯಿಯ ಹಾರ್ಮೋನುಗಳ ಪ್ರಭಾವ ಅದು. ಕೆಲವು ವಾರಗಳಲ್ಲಿ ತಾವಾಗಿಯೇ ಮಾಯವಾಗುತ್ತವೆ.