ದನದ ಮಂಪರು ಮದ್ದು ನಶೆಯಲ್ಲಿ ಸೇರಿದ್ದರೆ: ಮೊದಲು ಉಸಿರು ನೋಡಿ

ಜೈಲಜಿನ್ ಹೆಸರನ್ನು ಮಲೆನಾಡಿನವರು ಪಶುವೈದ್ಯರ ಬಾಯಲ್ಲಿ ಕೇಳಿರುತ್ತೀರಿ. ದನಕ್ಕೆ ಹೊಲಿಗೆ ಹಾಕುವಾಗ, ಕಾಡಾನೆ ಹಿಡಿಯುವಾಗ ಕೊಡುವ ಮಂಪರು ಮದ್ದು ಅದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಇದನ್ನೇ ಫೆಂಟಾನಿಲ್ ಅನ್ನುವ ಹೆರಾಯಿನ್ ಜಾತಿಯ ನಶೆ ಮದ್ದಿಗೆ ಬೆರೆಸಿ ಮಾರಿದರು. 2024ರಿಂದ ಅಲ್ಲಿ ಇದೇ ಜಾತಿಯ ಇನ್ನೂ ಜೋರಾದ ಮಂಪರು ಮದ್ದು ಮೆಡೆಟೊಮಿಡಿನ್ ಕಾಣಿಸಿಕೊಂಡಿತು. ಬಣ್ಣ, ವಾಸನೆಯಿಂದ ಎರಡನ್ನೂ ಪತ್ತೆ ಹಚ್ಚಲು ಆಗುವುದಿಲ್ಲ.

ನಶೆ ಮಾಡಿದವನು ಬಿದ್ದಿದ್ದರೆ ಹೆಸರು ಕೂಗಿ, ಭುಜ ತಟ್ಟಿ. ಏಳದಿದ್ದರೆ 108ಕ್ಕೆ ಫೋನ್ ಮಾಡಿ. ಏನು ತಗೊಂಡಿರಬಹುದು ಅಂತ ಮುಚ್ಚಿಡದೆ ಹೇಳಿ.

ಜನ ಎಡವುವುದು ಇದಾದ ಮೇಲೆ. ಮಜ್ಜಿಗೆ, ನಿಂಬೆರಸ ಬಾಯಿಗೆ ಹೊಯ್ಯುತ್ತಾರೆ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಬೆಳಗಾದರೆ ಸರಿಹೋಗುತ್ತಾನೆ ಅಂತ ಅಂಗಾತ ಮಲಗಿಸಿ ಬಿಡುತ್ತಾರೆ. ಘಾಟಿಯ ಊರಿಗೆ ಆಂಬುಲೆನ್ಸ್ ಬರಲು ಹೊತ್ತು ಬೇಕು, ಅಲ್ವಾ? ಅಲ್ಲಿವರೆಗೆ ಉಸಿರು ಕಾಯುವವರು ನೀವೇ. ಎದೆ ಏರಿಳಿಯುತ್ತಿದೆಯಾ ನೋಡಿ. ಉಸಿರು ತೀರಾ ನಿಧಾನವಾಗಿದ್ದರೆ, ಗಂಟಲು ಗೊರಗೊರ ಅಂದರೆ, ತುಟಿ, ಉಗುರು ನೀಲಿಯಾದರೆ ತಡ ಮಾಡಬೇಡಿ. ಹಣೆಯ ಮೇಲೆ ಕೈಯಿಟ್ಟು ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ. ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಐದು ಸೆಕೆಂಡಿಗೊಮ್ಮೆ ಊದಿ. ಎದೆ ಮೇಲೇಳಬೇಕು, ಏಳದಿದ್ದರೆ ತಲೆಯನ್ನು ಮತ್ತೆ ಸರಿ ಮಾಡಿ. ಮನೆಯಲ್ಲಿ ಇಂಥ ಅಪಾಯ ಇರುವವರು ಪಾಕೆಟ್ ಮಾಸ್ಕ್ (ಬಾಯಿಗೆ ಬಾಯಿ ತಾಗದಂತೆ ಊದಲು ಬಳಸುವ ಮಾಸ್ಕ್) ಒಂದನ್ನು ತಂದಿಟ್ಟುಕೊಳ್ಳಲೇಬೇಕು. ಉಸಿರು, ಅಲುಗಾಟ ಎರಡೂ ಇಲ್ಲದಿದ್ದರೆ 108ರವರು ಹೇಳಿದಂತೆ ಎದೆ ಒತ್ತಿ.

ಹೆರಾಯಿನ್ ಜಾತಿಯ ನಶೆ ಇಳಿಸುವ ಮದ್ದು ನಲಾಕ್ಸೋನ್, ಅದು ಜೈಲಜಿನ್ ಮೇಲೆ ಕೆಲಸ ಮಾಡುವುದಿಲ್ಲ. ಆದರೂ ಸಿಕ್ಕರೆ ಕೊಡಲೇಬೇಕು, ಫೆಂಟಾನಿಲ್ ಅಥವಾ ಹೆರಾಯಿನ್ ಬೆರೆತಿದ್ದರೆ ಜೀವ ಉಳಿಯುತ್ತದೆ. ಕೊಟ್ಟ ಮೇಲೆ ಉಸಿರು ಸರಿಹೋಗಿಯೂ ಆತ ಮಲಗಿಯೇ ಇರಬಹುದು. ಏಳಲಿಲ್ಲ ಅಂತ ಡೋಸ್ ಮೇಲೆ ಡೋಸ್ ಕೊಡಬೇಡಿ. ಎಬ್ಬಿಸುವ ಹಟ ಬಿಡಿ, ಉಸಿರು ನೋಡಿ. ಪಶುವೈದ್ಯರ ಹತ್ತಿರ ಮಂಪರು ಇಳಿಸುವ ಇಂಜೆಕ್ಷನ್ ಇದೆಯಲ್ಲ ಅಂತೀರಾ? ಅದು ಪ್ರಾಣಿಗಳಿಗೆ, ಮನುಷ್ಯರಿಗೆ ಚುಚ್ಚಲೇಬಾರದು.

ಉಸಿರು ಸರಿಯಿದ್ದರೆ ಪಕ್ಕಕ್ಕೆ ಹೊರಳಿಸಿ, ಮೇಲಿನ ಮಂಡಿ ಮಡಚಿ, ಕೆನ್ನೆ ಕೆಳಗೆ ಕೈಯಿಡಿ. ವಾಂತಿಯಾದರೆ ಹೊರಗೆ ಹೋಗುತ್ತದೆ.

ಜೈಲಜಿನ್‌ನಿಂದ ಗಾಯವೂ ಆಗುತ್ತದೆ, ಸೂಜಿ ಚುಚ್ಚದ ಜಾಗದಲ್ಲೂ. ಸೋಪು ನೀರಿನಲ್ಲಿ ತೊಳೆದು, ಬಟ್ಟೆ ಮುಚ್ಚಿ, ವೈದ್ಯರಿಗೆ ತೋರಿಸಿ. ಸ್ಪಿರಿಟ್ ಹಾಕಬೇಡಿ, ಅರಿಶಿನ ಮೆತ್ತಬೇಡಿ. ‘ಡಿಟಾಕ್ಸ್’ ಪುಡಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ನಶೆ ಬಿಡಬೇಕು ಅಂದುಕೊಂಡವರು ನಶೆ ಬಿಡಿಸುವ ಸಹಾಯವಾಣಿ 14446ಕ್ಕೆ ಕರೆ ಮಾಡಿ. ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ಮೆಡೆಟೊಮಿಡಿನ್ ನಿಂತ ಮೇಲೆ ಬಿಪಿ ಏರಿ, ನಡುಕ, ವಾಂತಿ ಶುರುವಾದರೆ ಆಸ್ಪತ್ರೆಗೇ ಸೇರಿಸಬೇಕು.