ಸಂಕಷ್ಟಿ ಉಪವಾಸ: ಚಂದ್ರ ಬರುವ ತನಕ

ಸಂಕಷ್ಟಿ ಅಂದರೆ ಪ್ರತಿ ತಿಂಗಳು ಹುಣ್ಣಿಮೆ ಕಳೆದ ಮೇಲಿನ ಚೌತಿಯಂದು ಗಣಪತಿಗೆ ಹಿಡಿಯುವ ಉಪವಾಸ, ರಾತ್ರಿ ಚಂದ್ರನನ್ನು ನೋಡಿಯೇ ಊಟ. ನಾನು ಅದನ್ನು ಹಿಡಿದದ್ದು ಒಂದು ಮಂಗಳವಾರ. ಮಂಗಳವಾರ ಬಂದರೆ ಅಂಗಾರಕ ಸಂಕಷ್ಟಿ, ಶುರು ಮಾಡಲು ಅದೇ ಒಳ್ಳೆಯದು ಅಂತ ಬೆಳಗಾವಿಯ ಅತ್ತೆ ಹೇಳಿದ್ದರು. ಹುಮ್ಮಸ್ಸಿನಲ್ಲಿ ಕಾಫಿಯನ್ನೂ ಬಿಟ್ಟೆ. ಸಂಜೆ 4ಕ್ಕೆ ತಲೆ ಸಿಡಿಯತೊಡಗಿತು. ಈಗ ಬೆಳಿಗ್ಗೆ ಒಂದು ಲೋಟ ಕಾಫಿ, ಮಧ್ಯಾಹ್ನ ಬಾಳೆಹಣ್ಣು, ಹಾಲು. ಸಾಬುದಾನಿ ಖಿಚಡಿಯನ್ನು ಹೊಟ್ಟೆ ತುಂಬ ತಿಂದರೆ ಅದೆಂಥ ಉಪವಾಸ ಅಂತ ನನಗೆ. ಅದಿಲ್ಲದಿದ್ದರೆ ಅದೆಂಥ ಉಪವಾಸ ಅಂತ ಅತ್ತೆಗೆ.

ಗರಿಕೆಯನ್ನು ಹಿಂದಿನ ರಾತ್ರಿಯೇ ಆರಿಸುತ್ತೇನೆ. ಮಾರ್ಕೆಟ್ಟಿನ ಕಟ್ಟಿನಲ್ಲಿ ಅರ್ಧ ಬರೀ ಹುಲ್ಲು. ಮೂರು ಎಸಳಿನ 21 ಎಳೆ ಕುಡಿ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಸಂಜೆಯವರೆಗೂ ಬಾಡುವುದಿಲ್ಲ. ಒಮ್ಮೆ ಗರಿಕೆ ಸಿಗದೆ ತುಳಸಿ ಇಟ್ಟು ಅತ್ತೆಗೆ ಫೋಟೋ ಕಳಿಸಿದೆ. ಕೂಡಲೇ ಫೋನ್ ಬಂತು: "ಗಣಪತಿಗೆ ತುಳಸಿ ಏರಸ್ತಾರೇನವಾ? ತಗಿ ಮೊದಲ!"

ನೈವೇದ್ಯಕ್ಕೆ ಮುಂಚೆ ರುಚಿ ನೋಡುವಂತಿಲ್ಲ. ಒಂದು ತಿಂಗಳು ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಅವತ್ತಿನಿಂದ ಉಪ್ಪನ್ನು ಬಟ್ಟಲಲ್ಲಿ ಅಳೆದಿಡುತ್ತೇನೆ. ಬಟ್ಟಲು ಖಾಲಿ ಇದ್ದರೆ ಹಾಕಿಯಾಯಿತು ಅಂತ ಲೆಕ್ಕ.

ನಿಜವಾದ ಕಷ್ಟ ಕೊನೆಯ ಅರ್ಧ ಗಂಟೆಯದು. ಚಂದ್ರ ಕೆಲವು ತಿಂಗಳು ಒಂಬತ್ತರೊಳಗೆ ಬರುತ್ತಾನೆ, ಕೆಲವು ತಿಂಗಳು ಹತ್ತರ ಹತ್ತಿರ. ಮೊದಮೊದಲು ಅತ್ತೆ ಹೇಳಿದ ಟೈಮನ್ನೇ ನೋಡುತ್ತಿದ್ದೆ. ಬೆಂಗಳೂರು ಬೆಳಗಾವಿಗಿಂತ ಪೂರ್ವಕ್ಕಿದೆ ಅಲ್ವಾ, ಇಲ್ಲಿ ಸುಮಾರು ಹತ್ತು ನಿಮಿಷ ಮುಂಚೆಯೇ ಚಂದ್ರೋದಯ. ಪಂಚಾಂಗದಲ್ಲಿ ನಿಮ್ಮೂರಿನ ಸಮಯವನ್ನೇ ನೋಡಿ. ಆದರೂ ನಮ್ಮ ಟೆರೇಸಿಗೆ ಅವನು ಕಾಣಬೇಕಾದರೆ ಎದುರಿನ ಅಪಾರ್ಟ್‌ಮೆಂಟ್ ದಾಟಬೇಕು. ಅದಕ್ಕೆ ಇನ್ನೊಂದು 20 ನಿಮಿಷ. ಸುಮ್ನೆ ನಿಂತು ಕಾದರೆ ಹಸಿವು ಜಾಸ್ತಿ. ಹಾಗಾಗಿ ಚಂದ್ರೋದಯದ ಹೊತ್ತಿಗೆ ಕುಕ್ಕರ್ ಇಡುತ್ತೇನೆ. ಅವನು ನೀರಿನ ಟ್ಯಾಂಕ್ ಪಕ್ಕ ಇಣುಕುವಷ್ಟರಲ್ಲಿ ಅನ್ನ ಆಗಿರುತ್ತದೆ. ತಂಬಿಗೆ ನೀರಿಗೆ ಅಕ್ಷತೆ, ಕೆಂಪು ಹೂವು ಹಾಕಿ ಅರ್ಘ್ಯ ಬಿಟ್ಟು ಕೆಳಗಿಳಿಯುತ್ತೇನೆ.

ಕಳೆದ ಶ್ರಾವಣದಲ್ಲಿ ಮೋಡವೋ ಮೋಡ. ಕೊಡೆ ಹಿಡಿದು ಮುಕ್ಕಾಲು ಗಂಟೆ ನಿಂತೆ. "ಮೂಡಣಕ್ಕ ತಿರುಗಿ ನೀರು ಬಿಡು, ಉಣ್ಣು. ಅವ ಬಂದಾನ, ನಿನಗ ಕಾಣವಲ್ಲ ಅಷ್ಟ," ಅಂದರು ಅತ್ತೆ. ಹಾಗೇ ಮಾಡಿದೆ. ರಾತ್ರಿ 11ಕ್ಕೆ ಪಾತ್ರೆ ತೊಳೆಯುವಾಗ ಅಡುಗೆಮನೆ ಕಿಟಕಿಯಲ್ಲಿ ಬೆಳ್ಳಗೆ ನಿಂತಿದ್ದ. ಸೋಪಿನ ಕೈಯನ್ನೇ ಮುಗಿದೆ.